ಒಂದು ಮೊರ ತೌಡು

ಹೂಂಗುಟ್ಟೋರು ಇದ್ದರೆ ಹೇಳ್ತೀನಿ, ಇಲ್ಲದಿದ್ದರೆ ಎದ್ದು ಹೋಗ್ತೀನಿ. ಗೋಡೆಗೆ ಕತೆ ಹೇಳೋಕೆ ನನಗೇನು ಹುಚ್ಚೇ? ಪೆದ್ದನ ಕತೆ ಬೇಕು ಅಂದ್ರಿ, ತಗೊಳ್ಳಿ. ಆದರೆ ನಗೋದಿದ್ದರೆ ಮೊದಮೊದಲೇ ನಕ್ಕು ಮುಗಿಸಿಬಿಡಿ. ಆಮೇಲೆ ನಕ್ಕರೆ ನನಗೆ ಸಿಟ್ಟು ಬರುತ್ತೆ.

ಕರೇಮರಡಿ ಅಂತ ಒಂದೂರು. ಆ ಊರಲ್ಲಿ ಕಾಟವ್ವ ಅಂತ ಒಬ್ಬಳು. ಅವಳಿಗೆ ಹುಟ್ಟಿದ ನಾಲ್ಕು ಮಕ್ಕಳೂ ತೊಟ್ಟಿಲಲ್ಲೇ ಹೋದವು. ಐದನೇದು ಹುಟ್ಟಿತು, ಗಂಡು. ಇದಾದರೂ ಉಳೀಲಿ ಅಂತ ನಮ್ಮ ಕಡೆ ಮಾಡ್ತಾರಲ್ಲ, ಹಾಗೇ ಮಾಡಿದಳು. ಕೂಸನ್ನ ತಗೊಂಡು ಹೋಗಿ ತಿಪ್ಪೆ ಮೇಲೆ ಹಾಕಿ, ತಿರುಗಿ ನೋಡದೆ ಬಂದಳು. ಪಕ್ಕದ ಮನೆ ಮಾರಕ್ಕ ಹೋಗಿ, ‘ಅಯ್ಯೋ, ಯಾರೋ ಬಿಸಾಕಿದ ಕೂಸು!’ ಅಂತ ಎತ್ತಿಕೊಂಡಳು. ಕಾಟವ್ವ ಒಂದು ಮೊರ ತೌಡು ಕೊಟ್ಟು, ತನ್ನ ಕೂಸನ್ನ ತಾನೇ ಮಾರಕ್ಕನ ಕೈಯಿಂದ ಕೊಂಡುಕೊಂಡಳು. ತಿಪ್ಪೆಯಿಂದ ಎತ್ತಿದ್ದು, ತೌಡಿಗೆ ಬಂದಿದ್ದು, ಇಂಥ ಕೂಸು ಸಾವಿಗೂ ಬೇಡವಂತೆ. ಹೆಸರು ತಿಪ್ಪ ಅಂತಲೇ ಇಟ್ಟರು.

ಸಾವಿಗೆ ಬೇಡವಾದ ತಿಪ್ಪ ಬದುಕಿಕೊಂಡ. ಬುದ್ಧಿ ಮಾತ್ರ ತಿಪ್ಪೆ ಮೇಲೇ ಉಳಿದುಹೋಯ್ತು ಅಂತ ಊರೋರು ಆಡಿಕೊಂಡರು. ನಾನೂ ಆಡಿಕೊಂಡಿದ್ದೆ, ಸುಳ್ಳು ಯಾಕೆ ಹೇಳಲಿ.

ಮೈ ಬೆಳೀತು, ಮೀಸೆ ಬಂತು, ಮೂವತ್ತು ತುಂಬಿತು. ಹೇಳಿದ್ದನ್ನ ಹೇಳಿದ ಹಾಗೇ ಮಾಡೋನು. ಒಂದು ಕೂದಲು ಆಚೆ ಇಲ್ಲ, ಈಚೆ ಇಲ್ಲ. ‘ಕೋಳಿ ಮುಚ್ಚು’ ಅಂದರೆ ಬುಟ್ಟಿ ಕವುಚೋನು. ಬೆಳಗಾದ ಮೇಲೆ ‘ತೆಗಿ’ ಅಂತ ಯಾರೂ ಹೇಳದಿದ್ದರೆ ಮಧ್ಯಾಹ್ನವಾದರೂ ತೆಗೆಯೋನಲ್ಲ. ಕಾಟವ್ವ ಹಣೆ ಹಣೆ ಚಚ್ಚಿಕೊಳ್ಳೋಳು. ‘ನಾನಿರೋವರ್ಗೂ ಹೇಳ್ತೀನಿ ಕಣಲೇ! ನಾನು ಹೋದ್ಮೇಲೆ ನಿಂಗ್ಯಾರು ಹೇಳ್ತಾರಲೇ?’ ಅನ್ನೋಳು.

ತಿಪ್ಪೆ ಊರಲ್ಲಿ ಎಲ್ಲರಿಗೂ ಇತ್ತು. ಗೊಬ್ಬರ ಅನ್ನಿಸಿಕೊಳ್ಳೋದು ಇದ್ದದ್ದು ಕಾಟವ್ವನ ಹತ್ತಿರ ಮಾತ್ರ. ಮಿಕ್ಕವರು ಸಗಣಿ ತಂದು ಬಿಸಿಲಿಗೆ ಸುರಿಯೋರು, ಅದು ಒಣಗಿ ಗಾಳಿಗೆ ಹಾರೋದು. ಇವಳು ಗುಂಡಿ ತೋಡಿ, ಒಂದು ಪದರ ಸಗಣಿ, ಒಂದು ಪದರ ಗಂಜಲ ಕುಡಿದ ಹುಲ್ಲು, ಒಂದಿಷ್ಟು ಬೂದಿ, ಹೊಂಗೆ ಸೊಪ್ಪು, ಕೆರೆ ಮಣ್ಣು ಅಂತ ಹಾಕಿ ಮುಚ್ಚೋಳು. ತೆಗೆದಾಗ ಚಹಾಪುಡಿ ಹಾಗೆ ಉದುರುದುರು.

ಆ ಊರಿನ ಪಾಲಯ್ಯ ದೊಡ್ಡ ಬೇಸಾಯಗಾರ. ವರ್ಷಾನುಗಟ್ಟಲೆ ಸರ್ಕಾರಿ ಗೊಬ್ಬರದ ಚೀಲ ಸುರಿದು ಸುರಿದು ಅವನ ಕಡಲೆಕಾಯಿ ಹೊಲ ಬಂಡೆಯಾಗಿತ್ತು. ನೇಗಿಲು ಇಟ್ಟರೆ ಹೆಂಟೆ ಏಳೋದು. ಅವನು ಒಂದು ದಿನ ಕಾಟವ್ವನ ಮನೆಗೆ ಬಂದು ಹೇಳಿದ:

‘ಕಾಟವ್ವ, ನಮ್ಮ ಕೊಟ್ಟಿಗೇಲಿ ಇಪ್ಪತ್ತು ದನ ಅವೆ. ಗೊಬ್ರದ ಗುಂಡಿ ನೋಡ್ಕಳಾಕೆ ಒಂದಾಳು ಬೇಕು. ನಿನ್ನ ಮಗನ್ನ ಕಳ್ಸು. ಕೊಟ್ಟಿಗೆ ಪಕ್ಕ ಕೋಣೆ ಐತೆ, ಎರಡು ಹೊತ್ತು ಮುದ್ದೆ ಐತೆ, ಇರೋವರ್ಗೂ ಇರ್ಲಿ. ಆದ್ರೆ ಮೊದ್ಲು ಒಂದು ಗುಂಡಿ ಗೊಬ್ರ ಅವನ ಕೈಯಾರ ಮಾಡಿ ತೋರುಸ್ಲಿ.’

ಕಾಟವ್ವನಿಗೆ ದೇವರೇ ಬಂದು ಹೇಳಿದ ಹಾಗಾಯ್ತು. ಆ ಹೊತ್ತಿಗೆ ಅವಳ ಎದೇಲಿ ಕೆಮ್ಮು ಮನೆ ಮಾಡಿತ್ತು. ತನಗೆ ಹೆಚ್ಚು ದಿನ ಇಲ್ಲ ಅನ್ನೋದು ಅವಳಿಗೆ ಗೊತ್ತಿತ್ತು. ಒಂದೇ ಒಂದು ಗುಂಡಿ! ಅಷ್ಟು ಕಲಿಸಿಬಿಟ್ಟರೆ ಮಗನಿಗೆ ಮುದ್ದೆ ಸಿಗುತ್ತೆ, ಸೂರು ಸಿಗುತ್ತೆ, ತಾನು ನೆಮ್ಮದಿಯಾಗಿ ಕಣ್ಣು ಮುಚ್ಚಬಹುದು.

‘ಲೇ ತಿಪ್ಪ! ಬುಟ್ಟಿ ತಗ. ಊರೆಲ್ಲ ತಿರುಗು. ಸಗಣಿ ಕಂಡಲ್ಲಿ ಎತ್ತಿ ಗುಂಡಿಗೆ ಹಾಕು. ಒಂದು ಚೂರೂ ಬಿಡಬ್ಯಾಡ!’

‘ಹೂಂ ಕಣವ್ವ!’

ಹೋದ ತಿಪ್ಪ. ಅವತ್ತು ದೀಪಾವಳಿ. ಹೆಣ್ಣುಮಕ್ಕಳು ಬೆಳಗ್ಗೆ ಎದ್ದು ಅಂಗಳಕ್ಕೆ ಸಗಣಿ ಸಾರಿಸಿ, ರಂಗೋಲಿ ಬಿಟ್ಟು, ಹೊಸಿಲ ಮೇಲೆ ಸಗಣಿ ಉಂಡೆ ಇಟ್ಟು, ಅದಕ್ಕೆ ಗರಿಕೆ ಸಿಕ್ಕಿಸಿ, ಹುಚ್ಚೆಳ್ಳು ಹೂ ಮುಡಿಸಿ ಪೂಜೆ ಮಾಡಿದ್ದರು. ತಿಪ್ಪ ನೋಡಿದ. ಸಗಣಿ! ಎತ್ತಿದ. ಗೋಡೆ ಮೇಲೆ ಬೆರಣಿ. ಸಗಣಿ! ಕಿತ್ತ. ಮಾರಕ್ಕನ ಅಂಗಳ ನೋಡಿದ. ಸಗಣಿ! ಸಲಿಕೆ ತಂದು ಕೆರೆದ. ರಂಗೋಲಿ ಸಮೇತ ಅಂಗಳ ಬುಟ್ಟಿಗೆ ಬಂತು, ದೇವರೂ ಬುಟ್ಟಿಗೆ ಬಂದರು.

ಊರು ಬಾಗಿಲಿಗೆ ಬಂದು ನಿಂತಿತು. ಕಾಟವ್ವ ಎಲ್ಲರ ಕಾಲಿಗೂ ಬಿದ್ದಳು.

‘ಅಯ್ಯೋ ನಿನ್ನ! ಹೂವಿಟ್ಟು ಪೂಜೆ ಮಾಡಿದ್ದನ್ನ ಮುಟ್ತಾರೇನಲೇ! ಹೂವ ಮುಡಿಸಿರೋದು ಕಂಡ್ರೆ ದೂರ ನಿಂತು ಕೈ ಮುಗೀಬೇಕು!’

‘ಮೊದ್ಲೇ ಹೇಳಬಾರದಾ ಅವ್ವ? ಇನ್ನು ಹಂಗೇ ಮಾಡ್ತೀನಿ!’

ನಗ್ರಿ, ನಗ್ರಿ. ಇನ್ನೂ ಸ್ವಲ್ಪ ಹೊತ್ತು ನಗಬಹುದು.

ಸಂಕ್ರಾಂತಿ ಬಂತು. ಪಾಲಯ್ಯ ದನಗಳ ಮೈ ತೊಳೆಸಿ, ಕೊಂಬಿಗೆ ಬಣ್ಣ ಬಳಿಸಿ, ಕೊರಳಿಗೆ ಚೆಂಡುಹೂವಿನ ಹಾರ ಹಾಕಿಸಿದ್ದ. ‘ತಿಪ್ಪನ್ನ ಕಳ್ಸು, ದನದ ಹತ್ರ ನಿಂತಿರ್ಲಿ’ ಅಂತ ಹೇಳಿ ಕಳಿಸಿದ. ತಿಪ್ಪ ಹೋದ. ನೋಡಿದ. ಹೂವು! ಹತ್ತು ಮಾರು ದೂರ ನಿಂತು ಕೈ ಮುಗಿದ.

ಒಂದು ಹೋರಿ ಹಗ್ಗ ಕಿತ್ತುಕೊಂಡಿತು. ತಿಪ್ಪ ಕೈ ಮುಗಿದ. ಹೋರಿ ಹೋಗಿ ರಾಗಿ ಮೆದೆಗೆ ಬಾಯಿ ಹಾಕಿತು. ತಿಪ್ಪ ಕೈ ಮುಗಿದ. ಅದರ ಹಿಂದೆ ಇನ್ನೊಂದು, ಅದರ ಹಿಂದೆ ಮತ್ತೊಂದು. ಮೆದೆ ಮಗುಚಿ, ತುಳಿದು, ಅದರ ಮೇಲೇ ಸಗಣಿ ಹಾಕಿದವು.

‘ಹಿಡಿಯಲೇ! ಹೊಡಿಯಲೇ!’ ಅಂತ ಪಾಲಯ್ಯ ಕೂಗಿಕೊಂಡು ಓಡಿ ಬಂದ. ಓಡಿ ಬಂದೋನ ಕೊರಳಲ್ಲೂ ಹಬ್ಬದ ಹಾರ ಇತ್ತು. ತಿಪ್ಪ ಅವನಿಗೂ ಕೈ ಮುಗಿದ.

ಸಂಜೆ ಕಾಟವ್ವ ಅವನ ಬೆನ್ನಿಗೆ ಪೊರಕೆಯಲ್ಲಿ ನಾಲ್ಕು ಬಿಟ್ಟಳು. ಐದನೇದಕ್ಕೆ ಕೆಮ್ಮು ಬಂದು ಕೂತುಬಿಟ್ಟಳು.

‘ತಪ್ಪಿಸ್ಕಂಡು ಹೋಗೋದು ಕಂಡ್ರೆ ಹಿಡಿದು, ಹಗ್ಗ ಹಾಕಿ, ಗೂಟಕ್ಕೆ ಕಟ್ಟಬೇಕು ಕಣಲೇ! ಒಂದನ್ನೂ ಬಿಡಬಾರದು!’

‘ಮೊದ್ಲೇ ಹೇಳಬಾರದಾ ಅವ್ವ? ಇನ್ನು ಹಂಗೇ ಮಾಡ್ತೀನಿ!’

ಮುಂದಿನ ತಿಂಗಳು ಊರ ಹೆಣ್ಣುಮಕ್ಕಳ ಸಂಘದೋರು ಎರೆಹುಳ ತರಿಸಿದರು. ಹುಳ ಬಿಟ್ಟರೆ ಗೊಬ್ಬರ ಬೇಗ ಆಗುತ್ತೆ ಅಂತ. ಕಾಟವ್ವ ಗೋಗರೆದು ಒಂದು ಬುಟ್ಟಿ ಹುಳ ಇಸಕೊಂಡು ಬಂದಳು. ಗುಂಡಿ ದಡದಲ್ಲಿ ಇಟ್ಟು, ‘ನೋಡ್ಕಳ್ತಿರು ತಿಪ್ಪ, ಬೂದಿ ತರ್ತೀನಿ’ ಅಂತ ಹೋದಳು. ಬರೋದು ತಡವಾಯ್ತು.

ತಿಪ್ಪ ನೋಡಿದ. ಬುಟ್ಟಿ ಸಂದಿಯಿಂದ ಒಂದು ಹುಳ ಈಚೆ ಬಂತು. ತಪ್ಪಿಸ್ಕಂಡು ಹೋಗ್ತೈತೆ! ಹಿಡಿದ. ಅವ್ವನ ಹಳೇ ಸೀರೆ ಅಂಚಿಂದ ನೂಲು ಎಳೆದ, ಹುಳದ ನಡುವಿಗೆ ಗಂಟು ಹಾಕಿದ, ಪೊರಕೆ ಕಡ್ಡಿ ನೆಟ್ಟು ಅದಕ್ಕೆ ಕಟ್ಟಿದ. ಇನ್ನೊಂದು ಬಂತು. ಅದಕ್ಕೊಂದು ನೂಲು, ಅದಕ್ಕೊಂದು ಗೂಟ. ಸೀರೆ ಅಂಚು ಮುಗೀತು, ಪೊರಕೆ ಮುಗೀತು. ಬುಟ್ಟಿ ಬರಿದಾಗೋವರೆಗೂ ಬಿಡಲಿಲ್ಲ ಪುಣ್ಯಾತ್ಮ.

ಕಾಟವ್ವ ಬಂದು ನೋಡಿದಾಗ ಬಿಸಿಲಲ್ಲಿ ಸಾಲು ಸಾಲು ಗೂಟ. ಒಂದೊಂದು ಗೂಟಕ್ಕೂ ಒಣಗಿದ ಒಂದೊಂದು ಹುಳ.

‘ಎಲ್ಲಾನೂ ಕಟ್ಟೀನಿ ಅವ್ವ! ಒಂದೂ ಓಡಿಲ್ಲ!’

ಈ ಸಲ ಪೊರಕೆ ಇರಲಿಲ್ಲ ಹೊಡೆಯೋಕೆ. ಕಾಟವ್ವ ಗುಂಡಿ ದಡದಲ್ಲಿ ಕೂತು ಅತ್ತಳು. ಅಷ್ಟು ಹುಳಕ್ಕೆ ಅವಳು ಎಷ್ಟು ಜನರ ಮುಂದೆ ಹಲ್ಲು ಗಿಂಜಿದ್ದಳೋ.

‘ಬಾಯಿಲ್ಲದ ಜೀವ ಕಣಲೇ ಅವು! ಮಾತಾಡಲ್ಲ, ಕಣ್ಣು ಬಿಡಲ್ಲ. ಅಂಥವು ಕಂಡ್ರೆ ಮೇಲೆ ನೀರು ಚಿಮುಕಿಸ್ಬೇಕು, ಹಸಿ ಗೋಣಿತಾಟು ಹೊದಿಸ್ಬೇಕು, ಬೆಳಕು ಬೀಳದ ಹಂಗೆ ಮುಚ್ಚಬೇಕು!’

‘ಮೊದ್ಲೇ ಹೇಳಬಾರದಾ ಅವ್ವ?’

ಶಿವರಾತ್ರಿ ಕಳೆದ ಮಾರನೇ ದಿನ ಪಾಲಯ್ಯ ಬಂದ, ಗುಂಡಿ ಎಲ್ಲಿಗೆ ಬಂತು ನೋಡೋಣ ಅಂತ. ಕಾಟವ್ವ ನೀರಿಗೆ ಹೋಗಿದ್ದಳು. ಪಾಲಯ್ಯ ಜಗಲಿ ಮೇಲೆ ಕೂತ. ಉಪವಾಸ ಇದ್ದು ಜಾಗರಣೆ ಮಾಡಿದ ಮೈ, ಕೂತಲ್ಲೇ ಕಣ್ಣು ಮುಚ್ಚಿಕೊಂಡಿತು.

ತಿಪ್ಪ ನೋಡಿದ. ಮಾತಾಡಲ್ಲ. ಕಣ್ಣು ಬಿಡಲ್ಲ. ಅಯ್ಯೋ ಪಾಪ, ಬಾಯಿಲ್ಲದ ಜೀವ! ಚೊಂಬು ತಂದು ನೀರು ಚಿಮುಕಿಸಿದ. ಸಗಣಿ ಹೊತ್ತ ಗೋಣಿತಾಟನ್ನ ಬಾನಿಯಲ್ಲಿ ಅದ್ದಿ ತಂದು ತಲೆ ತುಂಬ ಹೊದಿಸಿದ. ಬೆಳಕು ಬೀಳಬಾರದಲ್ಲ, ಅದಕ್ಕೆ ಮೇಲೊಂದು ಕುಕ್ಕೆ ಕವುಚಿ ಗಟ್ಟಿಯಾಗಿ ಹಿಡಿದುಕೊಂಡ.

ಒಳಗಿಂದ ಪಾಲಯ್ಯನ ಕೂಗು ಮೂರು ಬೀದಿಗೆ ಕೇಳಿಸಿತು. ನಾವೆಲ್ಲ ಓಡಿ ಹೋಗಿ ನೋಡಿ ಬಿದ್ದು ಬಿದ್ದು ನಕ್ಕೆವು.

‘ಸಾಯಿಸ್ತಿದ್ದೆಯಲ್ಲಲೇ! ಕಾಟವ್ವ, ಬ್ಯಾಡ ತಾಯಿ, ನಿನ್ನ ಮಗನ ಸಹವಾಸ ಬ್ಯಾಡ! ನಾನು ಬ್ಯಾರೆ ಆಳು ನೋಡ್ಕಂತೀನಿ!’

ಕಾಟವ್ವ ಆಗಷ್ಟೇ ನೀರು ಹೊತ್ತು ಬಂದಿದ್ದಳು. ಕೊಡ ಇಳಿಸಿ, ಸೆರಗು ಒಡ್ಡಿದಳು. ‘ಅಣ್ಣಾ, ಇನ್ನೊಂದೇ ಸಲ. ನನ್ನ ಮುಖ ನೋಡು’ ಅಂದಳು. ಅವಳ ಮುಖ ನೋಡೋ ಹಾಗಿರಲಿಲ್ಲ, ಅಷ್ಟು ಸೊರಗಿತ್ತು. ಪಾಲಯ್ಯ ನೋಡಿದ. ತಲೆ ಮೇಲಿನ ಸಗಣಿ ಒರೆಸಿಕೊಂಡ.

‘ರೋಹಿಣಿ ಮಳೆ ಹೊತ್ತಿಗೆ ಒಂದು ಗುಂಡಿ. ಆಗದಿದ್ರೆ ಮತ್ತೆ ಕೇಳಬ್ಯಾಡ’ ಅಂದು ಹೋದ.

ಅವತ್ತು ಕಾಟವ್ವ ಬಯ್ಯಲಿಲ್ಲ. ಬಯ್ಯೋಕೆ ಉಸಿರೇ ಇರಲಿಲ್ಲ. ಮೂರು ದಿನ ಗುಂಡಿ ದಡದಲ್ಲಿ ಕಂಬಳಿ ಹೊದ್ದು ಕೂತು, ಒಂದೊಂದೇ ಹೇಳಿ ಹೇಳಿ ಮಾಡಿಸಿದಳು. ‘ಸಗಣಿ ಹಾಕು.’ ಹಾಕಿದ. ‘ಸಾಕು.’ ನಿಲ್ಲಿಸಿದ. ‘ಹುಲ್ಲು ಹಾಕು. ಸಾಕು. ಬೂದಿ ಎರಚು. ಸಾಕು. ಸೊಪ್ಪು ಹಾಕು. ನೀರು ಹನಿಸು. ಸಾಕು. ಮಣ್ಣು ಮುಚ್ಚು.’ ತಿಪ್ಪ ಹೇಳಿದ್ದನ್ನ ಹೇಳಿದ ಹಾಗೇ ಮಾಡಿದ. ಪದರ ಪದರವಾಗಿ ಗುಂಡಿ ತುಂಬಿತು, ಮುಚ್ಚಿತು, ಅಂಚು ಕಟ್ಟಿದ ಹಾಗೆ ಅಚ್ಚುಕಟ್ಟು.

ಆಮೇಲೆ ಅವನ ಕೈಗೆ ಒಂದು ಕಬ್ಬಿಣದ ಸಲಾಕೆ ಕೊಟ್ಟಳು.

‘ಕೇಳು ತಿಪ್ಪ, ಚೆನ್ನಾಗಿ ಕೇಳು. ಇನ್ನು ಗುಂಡಿ ಕೆದಕಬ್ಯಾಡ. ಒಳಗೆ ಬಿಸಿ ಏಳುತ್ತೆ. ದಿನಾ ಸಲಾಕೆ ಚುಚ್ಚಿ, ಎಳೆದು ಮುಟ್ಟಿ ನೋಡು. ಬಿಸಿ ಇದ್ರೆ ಇನ್ನೂ ಆಗಿಲ್ಲ ಅಂತ. ಸುಮ್ಮನೆ ಕಾಯಿ. ಯಾರನ್ನೂ ಕರೀಬ್ಯಾಡ. ತಣ್ಣಗಾದ್ರೆ ಆಯ್ತು ಅಂತ. ಅಟ್ಟದ ಮೇಲೆ ಗಡಿಗೇಲಿ ಬೆಲ್ಲ ಇಟ್ಟೀನಿ. ಅವತ್ತು ಊರಿಗೆಲ್ಲ ಹೇಳಿ ಹಂಚು.’

‘ಬಿಸಿ ಇದ್ರೆ ಸುಮ್ಮನೆ ಕಾಯಬೇಕು. ತಣ್ಣಗಾದ್ರೆ ಬೆಲ್ಲ ಹಂಚಬೇಕು.’

‘ಹೂಂ ನನ್ನಪ್ಪ.’

ಹೆತ್ತೋಳು ಅವನನ್ನ ‘ನನ್ನಪ್ಪ’ ಅಂದದ್ದು ಅದೇ ಮೊದಲಿರಬೇಕು.

ಮತ್ತೆ ಎರಡೂವರೆ ತಿಂಗಳು ತಿಪ್ಪ ಒಂದೂ ತಪ್ಪು ಮಾಡಲಿಲ್ಲ! ದಿನಾ ಬೆಳಗ್ಗೆ ಸಲಾಕೆ ಚುಚ್ಚೋನು, ಎಳೆಯೋನು, ಮುಟ್ಟೋನು, ‘ಬಿಸಿ! ಇನ್ನೂ ಆಗಿಲ್ಲ!’ ಅಂತ ಅವ್ವನಿಗೆ ಕೂಗಿ ಹೇಳೋನು. ದಾರಿಹೋಕರು, ‘ತೆಗಿಯಲೇ, ನೋಡಣ’ ಅಂತ ಕೆಣಕಿದರೂ ಕೆದಕಲಿಲ್ಲ. ಕೋಳಿ ಬಂದರೆ ಓಡಿಸೋನು. ಕಾಟವ್ವ ಜಗಲಿ ಕಂಬಕ್ಕೆ ಒರಗಿ ನೋಡೋಳು. ಅವಳು ನಗೋದನ್ನ ನಾನು ಆಗ ನೋಡಿದೆ. ‘ಇದೊಂದು ಗುಂಡಿ ಕಣ್ಣಾರ ನೋಡಿದ್ರೆ ಸಾಕು’ ಅಂತ ಮಾರಕ್ಕನ ಹತ್ತಿರ ಅಂದಳಂತೆ.

ಹೂಂ ಅನ್ನಿ. ಯಾಕೆ ಸುಮ್ಮನಾದ್ರಿ?

ಬೇಸಗೆ ಕೊನೆಗೆ ಮಾರಕ್ಕ ಮಗಳ ಊರಿಗೆ ಹೋದಳು. ಅವಳು ಅತ್ತ ಹೋದಳು, ಇತ್ತ ಕಾಟವ್ವನಿಗೆ ಜ್ವರ ಬಂತು. ಮೊದಲ ದಿನ ಎದ್ದು ಓಡಾಡಿದಳು. ಎರಡನೇ ದಿನ ಮಲಗಿದಳು. ಮೂರನೇ ದಿನ ನಾಲಿಗೆ ಹೊರಳಲಿಲ್ಲ.

ತಿಪ್ಪ ಅವ್ವನ ಹಣೆ ಮುಟ್ಟಿ ನೋಡಿದ. ಬಿಸಿ! ಹೊಟ್ಟೆ ಮುಟ್ಟಿದ. ಬಿಸಿ! ಅಂಗಾಲು ಮುಟ್ಟಿದ. ಬಿಸಿ! ಬಿಸಿ ಇದ್ದರೆ ಇನ್ನೂ ಆಗಿಲ್ಲ. ಸುಮ್ಮನೆ ಕಾಯಬೇಕು. ಯಾರನ್ನೂ ಕರೀಬಾರದು. ಗುಂಡಿ ಕಡೆ ಹೋಗೋದೂ ಬಿಟ್ಟು ಅವ್ವನ ಪಕ್ಕ ಕೂತ. ಅವಳು ತುಟಿ ಆಡಿಸಿದಾಗೆಲ್ಲ ನೀರು ಬಿಟ್ಟ. ಕಾದ.

ಆ ದಿನ ಅವರ ಬಾಗಿಲ ಮುಂದೆ ಒಬ್ಬ ಹೋದ. ‘ಏನಲೇ ತಿಪ್ಪ, ನಿಮ್ಮವ್ವ ಕಾಣ್ತಿಲ್ಲ?’ ಅಂತ ಕೇಳಿದ.

‘ಒಳಗವ್ಳೆ. ಬಿಸಿ ಅವ್ಳೆ. ಇನ್ನೂ ಆಗಿಲ್ಲ’ ಅಂದ ತಿಪ್ಪ.

ಪೆದ್ದನ ಮಾತು ಅಂತ ಅವನು ನಕ್ಕು ಮುಂದೆ ಹೋದ. ಹತ್ತು ಹೆಜ್ಜೆ ಒಳಗೆ ಬಂದು ನೋಡಲಿಲ್ಲ. ನೋಡಿದ್ದರೆ ಗಾಡಿ ಕಟ್ಟಿ ಆಸ್ಪತ್ರೆಗೆ ಒಯ್ಯಬಹುದಿತ್ತು. ಹಾಗೆ ನಕ್ಕು ಹೋದೋನು ನಾನೇ ಕಣ್ರಪ್ಪ. ಈ ಕತೇಲಿ ಪೆದ್ದ ಯಾರು ಅಂತ ನನ್ನ ಕೇಳಬೇಡಿ.

ನಾಲ್ಕನೇ ದಿನ ಬೆಳಗ್ಗೆ ತಿಪ್ಪ ಹಣೆ ಮುಟ್ಟಿದ. ತಣ್ಣಗಿತ್ತು! ಹೊಟ್ಟೆ ಮುಟ್ಟಿದ. ತಣ್ಣಗೆ! ಅಂಗಾಲು ಮುಟ್ಟಿದ. ತಣ್ಣಗೆ! ಅಟ್ಟ ಹತ್ತಿದ, ಗಡಿಗೆ ಇಳಿಸಿದ, ಬೀದಿಗೆ ಓಡಿದ.

‘ನಮ್ಮವ್ವ ತಣ್ಣಗಾದ್ಲು! ನಮ್ಮವ್ವ ಆದ್ಲು! ತಗಳ್ರಿ ಬೆಲ್ಲ! ತಗಳ್ರಿ!’

ಮೈ ತುಂಬ ಸಂತೋಷ ಅವನಿಗೆ. ಮನೆ ಮನೆ ಮುಂದೆ ನಿಂತು ಒಂದೊಂದು ಚೂರು ಕೈಗೆ ಹಾಕಿದ. ಎದುರು ಮನೆಗೆ ಹಾಕಿದ, ಪಾಲಯ್ಯನಿಗೆ ಹಾಕಿದ, ನನಗೂ ಹಾಕಿದ. ಹಿಂದಿನ ದಿನ ಅವನು ‘ಬಿಸಿ’ ಅಂದದ್ದು ಜ್ವರ ಇರಬೇಕು, ಈಗ ಬಿಟ್ಟಿತೇನೋ ಅಂತ ನಾನು ಬಾಯಿಗೆ ಹಾಕಿಕೊಂಡೆ. ಆಮೇಲೆ ಪಾಲಯ್ಯನ ಮುಖ ನೋಡಿದೆ. ಅವನು ಬೆಲ್ಲ ಅಂಗೈಲಿ ಹಿಡಿದು ಹಾಗೇ ನಿಂತಿದ್ದ. ಆ ಬೆಲ್ಲವನ್ನ ನನಗೆ ನುಂಗೋಕೂ ಆಗಲಿಲ್ಲ, ಉಗಿಯೋಕೂ ಆಗಲಿಲ್ಲ.

ಹೋಗಿ ನೋಡಿದೆವು. ಆಗಿಹೋಗಿತ್ತು.

ಸುದ್ದಿ ಮುಟ್ಟಿ ಮಾರಕ್ಕ ಅಳುತ್ತಾ ಬಂದಳು. ಊರು ಸೇರಿತು. ಮಾಡೋಕೆ ಏನೂ ತೋಚದೆ ಪಾಲಯ್ಯ ಹಿತ್ತಲಿಗೆ ಹೋಗಿ ಸಲಾಕೆ ತಗೊಂಡು ಗುಂಡಿಗೆ ಚುಚ್ಚಿದ, ಎಳೆದು ಮುಟ್ಟಿದ. ಅದೂ ತಣ್ಣಗಾಗಿತ್ತು. ಮಣ್ಣು ಸರಿಸಿ ಒಂದು ಹಿಡಿ ಎತ್ತಿದ. ಕಪ್ಪಗೆ, ಉದುರುದುರು. ಸಗಣಿ ವಾಸನೆ ಇಲ್ಲ, ಮೊದಲ ಮಳೆ ಬಿದ್ದ ಹೊಲದ ಘಮ. ಕಾಟವ್ವ ಕೂಡ ಅಂಥ ಗೊಬ್ಬರ ಮಾಡಿರಲಿಲ್ಲ. ಪಾಲಯ್ಯ ಆ ಹಿಡಿ ಗೊಬ್ಬರವನ್ನ ಒಳಗೆ ತಂದು ಅವಳ ಹೆಣದ ಪಕ್ಕ ಕೂತ.

‘ಆಗೈತೆ ಕಾಟವ್ವ. ಚೆನ್ನಾಗಿ ಆಗೈತೆ. ನಿನ್ನ ಮಗ ನಮ್ಮನೇಲಿರ್ತಾನೆ ಬಿಡು’ ಅಂದ. ಕೇಳಬೇಕಾದೋಳು ಕೇಳಲಿಲ್ಲ.

ತಿಪ್ಪ ಒಬ್ಬೊಬ್ಬರ ಮುಖವನ್ನೇ ನೋಡ್ತಾ ನಿಂತ. ಎಲ್ಲರೂ ಅಳ್ತಿದ್ದಾರೆ ಅಂದರೆ ತಾನು ಏನೋ ತಪ್ಪು ಮಾಡಿದ್ದೀನಿ ಅನ್ನೋದು ಅವನಿಗೆ ತಿಳೀತು. ಯಾರಾದರೂ ಬಯ್ತಾರೆ ಅಂತ ಕಾದ. ಬೈದರೆ ಮುಂದೇನು ಮಾಡಬೇಕು ಅಂತಲೂ ಹೇಳ್ತಾರಲ್ಲ. ಯಾರೂ ಬಯ್ಯಲಿಲ್ಲ. ಯಾರೂ ಹೇಳಲಿಲ್ಲ. ಅವ್ವನ ಹತ್ತಿರ ಹೋಗಿ, ‘ಬಯ್ಯವ್ವ’ ಅಂದ. ಮಾರಕ್ಕ ಅವನನ್ನ ಈಚೆ ಎಳಕೊಂಡಳು.

ಮಧ್ಯಾಹ್ನ ಹೊತ್ತುಕೊಂಡು ಹೋದೆವು. ಗುಂಡಿ ತೋಡಿದ್ದರು. ಇಳಿಸಿದೆವು. ಎಲ್ಲರೂ ಒಂದೊಂದು ಹಿಡಿ ಮಣ್ಣು ಕೈಗೆ ತಗೊಂಡೆವು. ನೋಡಿದರೆ ತಿಪ್ಪ ಇಲ್ಲ.

ಅವನು ಮನೆಗೆ ಹೋಗಿದ್ದ. ಹುಟ್ಟಿದ ಮೇಲೆ ಮೊದಲ ಸಲ, ಯಾರೂ ಹೇಳದೆ, ತಾನೇ ಯೋಚನೆ ಮಾಡಿ ಒಂದು ಕೆಲಸ ಮಾಡಿದ್ದ. ಓಡಿ ಬಂದ. ಕೈಯಲ್ಲಿ ಮೊರ. ಮೊರದ ತುಂಬ ತೌಡು. ಸೀದಾ ಹೋಗಿ ಮಾರಕ್ಕನ ಮುಂದೆ ಹಿಡಿದ.

‘ಮಾರಕ್ಕ, ಎತ್ತು.’

‘ಏನಪ್ಪ?’

‘ನನ್ನ ಎತ್ತಿದ್ಯಂತಲ್ಲ ತಿಪ್ಪೆಯಿಂದ. ಅವ್ವನ್ನೂ ಎತ್ತು. ತೌಡು ತಂದೀನಿ. ನಾನು ಕೊಂಡ್ಕಂತೀನಿ.’

ಮಾರಕ್ಕ ಬಾಯಿಗೆ ಸೆರಗು ತುರುಕಿಕೊಂಡಳು. ತಿಪ್ಪ ಮೊರ ನೋಡಿದ, ಅವಳ ಮುಖ ನೋಡಿದ.

‘ಕಮ್ಮಿ ಆಯ್ತಾ? ನಾನಾದ್ರೆ ಕೂಸಾಗಿದ್ದೆ. ಅವ್ವ ದೊಡ್ಡೋಳು. ಇರ್ರಿ, ಇನ್ನೊಂದು ಮೊರ ತರ್ತೀನಿ. ಮಣ್ಣು ಹಾಕಬ್ಯಾಡ್ರಿ, ಬಂದೆ!’

ಮೊರ ಅಲ್ಲೇ ಬರಿದು ಮಾಡಿ ಓಡಿದ. ಇನ್ನೊಂದು ಮೊರ ತಂದ. ಮತ್ತೆ ಓಡಿದ, ಮತ್ತೊಂದು ತಂದ. ಗುಂಡಿ ದಡದಲ್ಲಿ ತೌಡಿನ ಗುಡ್ಡೆ ಬೆಳೀತು. ಬೇಡ ಅಂತ ಹೇಳೋ ಧೈರ್ಯ ನಮ್ಮಲ್ಲಿ ಒಬ್ಬರಿಗೂ ಬರಲಿಲ್ಲ. ಮಣ್ಣು ಹಿಡಿದುಕೊಂಡು ಬಿಸಿಲಲ್ಲಿ ನಿಂತೇ ಇದ್ದೆವು. ಮನೇಲಿದ್ದ ತೌಡೆಲ್ಲ ಮುಗಿದ ಮೇಲೆ ಅವನು ಬರೀ ಮೊರ ಹಿಡಕೊಂಡು ಬಂದ. ಆಮೇಲೆ ನಾವು ಮಣ್ಣು ಹಾಕಿದೆವು.